ಪಿಟಿ2399 ಡಿಲೇ ಪೆಡಲ್: ಮಿಕ್ಸ್ ಪಾಟ್ ಪೂರ್ತಿ ವೆಟ್ ಕಡೆಗೆ ತಿರುಗಿಸಿದರೂ ಡ್ರೈ ಹೋಗುತ್ತಿಲ್ಲ

ಆರನೇತಂತಿ:

ಎಲ್ಲರಿಗೂ ನಮಸ್ಕಾರ. ಪಿಟಿ2399 ಐಸಿಯ ಗಿಟಾರ್ ಡಿಲೇ (ಎಕೋ) ಪೆಡಲ್‌ನಲ್ಲಿ ಮಿಕ್ಸ್ ಪಾಟ್, ಅಂದರೆ ಡ್ರೈ (ಗಿಟಾರ್‌ನ ಮೂಲ ಸದ್ದು) ಮತ್ತು ವೆಟ್ (ಎಕೋ) ಬೆರೆಸುವ ನಾಬ್, ಸರಿಯಾಗಿ ಕೆಲಸ ಮಾಡುತ್ತಿಲ್ಲ. ಸರ್ಕ್ಯೂಟ್ ಪೂರ್ತಿ ಬರೆಯುತ್ತೇನೆ, ಎಲ್ಲಿ ಎಡವಟ್ಟಾಗಿದೆ ಹೇಳಿ.

9 ವೋಲ್ಟ್ ಅಡಾಪ್ಟರ್, ಪಿಟಿ2399ಕ್ಕೆ 78ಎಲ್05 ಮೂಲಕ 5 ವೋಲ್ಟ್. ಟಿಎಲ್072 ಆಪ್‌ಆಂಪ್ ಐಸಿಯ ಮೊದಲ ಅರ್ಧ ಇನ್‌ಪುಟ್ ಬಫರ್ (ಮುಂದಿನ ಹೊರೆ ಹಿಂದಿನ ಸಿಗ್ನಲ್‌ಗೆ ತಾಗದಂತೆ ತಡೆಯುವ ಹಂತ), ಗೇನ್ 1, ಬಯಾಸ್ (ಸಿಗ್ನಲ್ ಇಲ್ಲದಾಗಿನ ಡಿಸಿ ಮಟ್ಟ) 4.5 ವೋಲ್ಟ್. ಬಫರ್‌ನಿಂದ ಒಂದು ದಾರಿ ಪಿಟಿ2399ರ ಇನ್‌ಪುಟ್ ಫಿಲ್ಟರ್‌ಗೆ, ಇನ್ನೊಂದು ನೇರವಾಗಿ ಮಿಕ್ಸ್ ಪಾಟ್‌ನ (ಬಿ10ಕೆ) 1ನೇ ಕಾಲಿಗೆ. ಎಕೋ ಪಿನ್ 14ರಿಂದ ಹೊರಟು 10ಕೆ ರೆಸಿಸ್ಟರ್ ದಾಟುತ್ತದೆ, ಆಮೇಲೆ ಗ್ರೌಂಡ್‌ಗೆ 10 ನ್ಯಾನೋ ಕೆಪಾಸಿಟರ್. ಆ ಕೂಡುವ ಜಾಗದಿಂದಲೇ ಒಂದು ವೈರ್ ಮಿಕ್ಸ್ ಪಾಟ್‌ನ 3ನೇ ಕಾಲಿಗೆ, ಇನ್ನೊಂದು ಕೆಪಾಸಿಟರ್ ಮೂಲಕ ರಿಪೀಟ್ಸ್ ಪಾಟ್‌ಗೆ (ಬಿ50ಕೆ). ಮಿಕ್ಸ್ ಪಾಟ್‌ನ ನಡುಗಾಲು 100 ನ್ಯಾನೋ ಮೂಲಕ ಟಿಎಲ್072ರ ಎರಡನೇ ಅರ್ಧಕ್ಕೆ, ಅದೂ ಬಫರ್ ಅಷ್ಟೇ, ಅಲ್ಲಿಂದ ಔಟ್‌ಪುಟ್.

ತೊಂದರೆ ಏನೆಂದರೆ, ಪಾಟ್ ಮಧ್ಯದಲ್ಲಿದ್ದಾಗ ಎಕೋ ತೀರಾ ಕ್ಷೀಣ. ಪೂರ್ತಿ ವೆಟ್ ಕಡೆಗೆ ತಿರುಗಿಸಿದರೆ ಡ್ರೈ ಹೋಗುವ ಬದಲು ಎಕೋ ಜೊತೆ ಸರಿಸಮ ನಿಲ್ಲುತ್ತದೆ, ಅದೂ ಮಂಕಾಗಿ, ಒಟ್ಟು ಸದ್ದು ಬೇರೆ ಇಳಿಯುತ್ತದೆ. ಪಾಟ್ ತಿರುಗಿಸುವಾಗ ಕರಕರ ಅನ್ನುತ್ತದೆ. ರಿಪೀಟ್ಸ್ ಏರಿಸಿದರೆ ಎಕೋಗಳ ಸಂಖ್ಯೆ ಹೆಚ್ಚಾಗುವುದರ ಜೊತೆಗೆ ಮೊದಲನೇ ಎಕೋನೇ ಜೋರಾಗುತ್ತದೆ. ಪಾಟ್ ಹೊಸದು, ಎರಡು ಸಲ ಬದಲಾಯಿಸಿದ್ದೂ ಆಯಿತು. ಡಿಸಿ ಅಳತೆ: ಮಿಕ್ಸ್ ಪಾಟ್‌ನ 1ನೇ ಕಾಲು 4.5 ವೋಲ್ಟ್, 3ನೇ ಕಾಲು 3.5 ವೋಲ್ಟ್, ಪಿನ್ 14 2.5 ವೋಲ್ಟ್. ಫೇಸ್ (ಸಿಗ್ನಲ್ ಅಲೆಯ ಏರಿಳಿತ) ಉಲ್ಟಾ ಆಗಿರಬಹುದೇ?

ಬೆಸುಗೆಕಡ್ಡಿ:

ಫೇಸ್ ಅಲ್ಲ ಸರ್. ನೀವು ಕೊಟ್ಟ ಆ 3.5 ವೋಲ್ಟ್‌ನಲ್ಲೇ ಉತ್ತರ ಇದೆ.

3ನೇ ಕಾಲು ಇರುವುದು 4.5 ಮತ್ತು 2.5ರ ನಟ್ಟನಡುವೆ. ಅಂದರೆ ಡ್ರೈ ಬಫರ್‌ನಿಂದ ಪಾಟ್‌ನ 10ಕೆ ದಾಟಿ, ಪಿನ್ 14ರ ಮುಂದಿರುವ 10ಕೆ ದಾಟಿ ಕರೆಂಟ್ ಹರಿಯುತ್ತಿದೆ. ಎರಡು ಸಮನಾದ ರೆಸಿಸ್ಟರ್‌ಗಳ ಡಿವೈಡರ್ ಅದು. ಡಿಸಿ ಹೇಗೆ ಅರ್ಧಕ್ಕರ್ಧ ಹಂಚಿಕೊಂಡಿತೋ ಗಿಟಾರ್ ಸಿಗ್ನಲ್ಲೂ ಹಾಗೇ ಹಂಚಿಕೊಳ್ಳುತ್ತದೆ: 3ನೇ ಕಾಲಿನಲ್ಲಿ ಅರ್ಧ ಡ್ರೈ, ಅರ್ಧ ವೆಟ್. ನಡುಗಾಲು ಎಲ್ಲೇ ಇರಲಿ, ತುದಿಯಿಂದ ತುದಿಗೆ ಪಾಟ್ 10ಕೆಯೇ ಆದ್ದರಿಂದ ಈ ಬೆರಕೆ ಬದಲಾಗುವುದಿಲ್ಲ. ನಿಮ್ಮ ಪಾಟ್‌ನ ವೆಟ್ ತುದಿಯಲ್ಲಿ ಶುದ್ಧ ವೆಟ್ ಇಲ್ಲವೇ ಇಲ್ಲ.

ಲೆಕ್ಕ ಹಾಕಿ ನೋಡಿ. ಮಧ್ಯದಲ್ಲಿ ಡ್ರೈ 0.75, ವೆಟ್ 0.25. ಎಕೋ ಡ್ರೈಗಿಂತ 9.5 ಡಿಬಿ ಕೆಳಗೆ, ಕ್ಷೀಣವಾಗಿ ಕೇಳಿಸುವುದು ಅದಕ್ಕೇ. ಪೂರ್ತಿ ತಿರುಗಿಸಿದಾಗ ಎರಡೂ 0.5, ಸರಿಸಮ, ಮತ್ತು ಎರಡೂ 6 ಡಿಬಿ ಕಡಿಮೆ. ಡ್ರೈ ಮಂಕಾಗುವುದು ಏಕೆಂದರೆ ಆ 10 ನ್ಯಾನೋ ಈಗ ಡ್ರೈಗೂ ಫಿಲ್ಟರ್ ಆಗಿ ನಿಂತಿದೆ. ಎರಡು 10ಕೆ ಪ್ಯಾರಲಲ್ ಆಗಿ 5ಕೆ, ಅದರೊಡನೆ 10 ನ್ಯಾನೋ ಸೇರಿದರೆ ಸುಮಾರು 3.2 ಕಿಲೋಹರ್ಟ್ಸ್‌ನಿಂದ ಮೇಲೆ ಕತ್ತರಿ. ರಿಪೀಟ್ಸ್ ಅದೇ ಜಾಗದಿಂದ ತೆಗೆದಿರುವುದರಿಂದ ಡ್ರೈ ಹಿಂಬಾಗಿಲಿನಿಂದ ಪಿಟಿ2399ಕ್ಕೆ ಮತ್ತೆ ಹೋಗುತ್ತಿದೆ, ಹಾಗಾಗಿ ಮೊದಲ ಎಕೋ ಉಬ್ಬುತ್ತದೆ. ಕರಕರ ಅನ್ನುವುದು ಪಾಟ್‌ನ ಎರಡು ತುದಿಗಳ ನಡುವೆ ಇರುವ 1 ವೋಲ್ಟ್ ಡಿಸಿಯಿಂದ. ಎಷ್ಟು ಹೊಸ ಪಾಟ್ ಹಾಕಿದರೂ ಅದು ಹೋಗದು.

ಖಾತ್ರಿ ಮಾಡಿಕೊಳ್ಳಲು: ಪವರ್ ತೆಗೆದು 3ನೇ ಕಾಲಿನ ವೈರ್ ಬಿಚ್ಚಿ, ಆ ಕಾಲನ್ನು ಗ್ರೌಂಡ್‌ಗೆ ಹಿಡಿಸಿ, ಮತ್ತೆ ಪವರ್ ಕೊಡಿ. ಪೂರ್ತಿ ವೆಟ್ ಕಡೆ ತಿರುಗಿಸಿದಾಗ ಡ್ರೈ ಸಂಪೂರ್ಣ ನಿಂತರೆ ಪಾಟ್ ಒಳ್ಳೆಯದೇ, ತಪ್ಪು ವೆಟ್ ಕಡೆಯ ಇಂಪೀಡೆನ್ಸ್‌ನದು (ಸಿಗ್ನಲ್ ದಾರಿಯ ತಡೆ).

ಪರಿಹಾರ: ವೆಟ್‌ಗೂ ಒಂದು ಬಫರ್. ಇನ್ನೊಂದು ಟಿಎಲ್072 ಅನ್ನು ಚಿಕ್ಕ ವೆರೋ ಬೋರ್ಡ್ ತುಂಡಿನ ಮೇಲೆ ಐಸಿ ಬೇಸ್ ಹಾಕಿ ಕೂರಿಸಿ. ಪಿನ್ 8ಕ್ಕೆ 9 ವೋಲ್ಟ್, ಪಿನ್ 4 ಗ್ರೌಂಡ್, ಇವೆರಡರ ನಡುವೆ ಐಸಿಗೆ ತಾಗಿದಂತೆ 100 ನ್ಯಾನೋ ಸೆರಾಮಿಕ್. 10ಕೆ-10 ನ್ಯಾನೋ ಕೂಡುವ ಜಾಗದಿಂದ 100 ನ್ಯಾನೋ ಮೂಲಕ ಪಿನ್ 3ಕ್ಕೆ ಬನ್ನಿ, ಪಿನ್ 3ರಿಂದ 4.5 ವೋಲ್ಟ್ ಬಯಾಸ್‌ಗೆ 1 ಮೆಗ್. ಪಿನ್ 1 ಮತ್ತು 2 ಸೇರಿಸಿ, ಪಿನ್ 1ರಿಂದ ಮಿಕ್ಸ್ ಪಾಟ್‌ನ 3ನೇ ಕಾಲಿಗೆ. ಇನ್ನೊಂದು ಅರ್ಧವನ್ನು ಹಾಗೇ ಗಾಳಿಯಲ್ಲಿ ಬಿಡಬೇಡಿ: ಪಿನ್ 5 ಬಯಾಸ್‌ಗೆ, 6 ಮತ್ತು 7 ಜೋಡಿಸಿ. ಈಗ ಪಾಟ್‌ನ ಎರಡೂ ತುದಿ 4.5 ವೋಲ್ಟ್‌ನಲ್ಲಿ ಇರುತ್ತವೆ, ಕರಕರ ತಾನಾಗಿ ನಿಲ್ಲುತ್ತದೆ.

ಇದನ್ನು ಮಾಡಿದ ಮೇಲೆ ಎರಡು ಬದಲಾವಣೆ ಕಾಣುತ್ತೀರಿ, ಗಾಬರಿ ಬೇಡ. ಪಾಟ್‌ನ ಹೊರೆ ಹೋಗುವುದರಿಂದ ಫಿಲ್ಟರ್ ತನ್ನ ನಿಜವಾದ 1.6 ಕಿಲೋಹರ್ಟ್ಸ್‌ಗೆ ಇಳಿದು ಎಕೋ ಇನ್ನಷ್ಟು ಗಾಢವಾಗುತ್ತದೆ. ಬೇಡವೆಂದರೆ 10 ನ್ಯಾನೋ ತೆಗೆದು 4.7 ನ್ಯಾನೋ ಹಾಕಿ, 3.4 ಕಿಲೋಹರ್ಟ್ಸ್ ಆಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಉದ್ದ ಡಿಲೇಯಲ್ಲಿ ಐಸಿಯ ಸುಯ್ ಸದ್ದು ಕೇಳತೊಡಗುತ್ತದೆ. ಎರಡನೆಯದು, ಫೀಡ್‌ಬ್ಯಾಕ್‌ಗೂ ಈಗ ಎರಡರಷ್ಟು ವೆಟ್ ಸಿಗುವುದರಿಂದ ರಿಪೀಟ್ಸ್ ಪಾಟ್ ಅರ್ಧ ದಾಟುತ್ತಲೇ ಎಕೋ ನಿಲ್ಲದೆ ಬೆಳೆದು ಕೂಗಬಹುದು. ರಿಪೀಟ್ಸ್ ಪಾಟ್‌ನ ನಡುಗಾಲಿನಿಂದ ಇನ್‌ಪುಟ್ ಫಿಲ್ಟರ್‌ಗೆ ಹೋಗುವ ರೆಸಿಸ್ಟರ್ ಎಷ್ಟಿದೆಯೋ ಅದರ ಎರಡರಷ್ಟು ಹಾಕಿ.

ಆರನೇತಂತಿ:

ತುಂಬಾ ಧನ್ಯವಾದ ಸರ್. ಬಫರ್ ಹಾಕಿದೆ. 1 ಮತ್ತು 3ನೇ ಕಾಲುಗಳ ನಡುವೆ ಈಗ 0 ವೋಲ್ಟ್. ಪೂರ್ತಿ ವೆಟ್‌ನಲ್ಲಿ ಡ್ರೈ ಒಂದಿಷ್ಟೂ ಇಲ್ಲ, ಕರಕರ ಇಲ್ಲ, ರಿಪೀಟ್ಸ್ ರೆಸಿಸ್ಟರ್ 15ಕೆ ಇದ್ದದ್ದು 33ಕೆ ಮಾಡಿದ ಮೇಲೆ ಕೂಗುವುದೂ ನಿಂತಿತು.

ಉಳಿದದ್ದು ಒಂದೇ: ಪಾಟ್ ಮಧ್ಯದಲ್ಲಿ ಇಟ್ಟು ಪೆಡಲ್ ಒತ್ತಿದರೆ ಬೈಪಾಸ್‌ಗಿಂತ (ಪೆಡಲ್ ಆಫ್ ಇದ್ದಾಗಿನ ನೇರ ಸದ್ದು) ಗಿಟಾರ್ ಸದ್ದು ಕೆಳಗಿಳಿಯುತ್ತದೆ. ಔಟ್‌ಪುಟ್ ಬಫರ್‌ಗೆ ಗೇನ್ 2 ಕೊಟ್ಟರೆ ಆಗುತ್ತದೆಯೇ?

ಸೊನ್ನೆಡಿಬಿ:

ಗೇನ್ 2 ಕೊಟ್ಟರೆ ಮಧ್ಯದಲ್ಲಿ ಸರಿಯಾಗುತ್ತದೆ, ಆದರೆ ಪೂರ್ತಿ ಡ್ರೈನಲ್ಲಿ ಬೈಪಾಸ್‌ಗಿಂತ 6 ಡಿಬಿ ಹೆಚ್ಚಾಗುತ್ತದೆ. ಒಂದೇ ಪಾಟ್‌ನ ಎರಡು ತುದಿಗೆ ಎರಡು ಸಿಗ್ನಲ್ ಕಟ್ಟಿದರೆ ಮಧ್ಯದಲ್ಲಿ ಎರಡೂ ಅರ್ಧಕ್ಕೆ ಇಳಿಯಲೇಬೇಕು, ಅದು ಆ ಜೋಡಣೆಯ ಗುಣ. ಸುಳ್ಳು ಸರಿಪಡಿಸುವಿಕೆ ಬೇಡ, ಮಿಕ್ಸರ್ ಹಂತವನ್ನೇ ಬದಲಾಯಿಸಿ. ಹೇಗೂ ನಿಮ್ಮ ಚಿಕ್ಕ ಬೋರ್ಡ್‌ನಲ್ಲಿ ಅರ್ಧ ಐಸಿ ಖಾಲಿ ಕೂತಿದೆ.

ಖಾಲಿ ಅರ್ಧವನ್ನು ಇನ್ವರ್ಟಿಂಗ್ ಸಮ್ಮಿಂಗ್ ಆಂಪ್ಲಿಫೈಯರ್ ಮಾಡಿ: ಪಿನ್ 5 ಬಯಾಸ್‌ಗೆ, ಮೊದಲಿನ 6-7 ಜೋಡಣೆ ಬಿಡಿಸಿ ಪಿನ್ 7ರಿಂದ 6ಕ್ಕೆ 100ಕೆ, ಅದರ ಮೇಲೇ 47 ಪಿಕೋ. ಡ್ರೈಗೆ ಒಂದು 100ಕೆ, ವೆಟ್‌ಗೆ ಒಂದು 100ಕೆ, ಎರಡೂ ಪಿನ್ 6ಕ್ಕೆ. ಈ ಜಾಗ ವರ್ಚುವಲ್ ಗ್ರೌಂಡ್ (ಸಿಗ್ನಲ್ ಏರಿಳಿತವೇ ಇಲ್ಲದ ಜಾಗ) ಆದ್ದರಿಂದ ಡ್ರೈ ವೆಟ್ ಕಡೆಗೆ, ವೆಟ್ ಡ್ರೈ ಕಡೆಗೆ ಹಿಂದಕ್ಕೆ ಹರಿಯುವುದಿಲ್ಲ. ಮೊದಲು ನಿಮಗಿದ್ದ ರೋಗ ಇಲ್ಲಿ ಬರುವ ದಾರಿಯೇ ಇಲ್ಲ.

ಪಾಟ್ ಹೇಗೆ ಹಾಕುವುದು ಅನ್ನುವುದರಲ್ಲಿ ಎರಡು ಮತ. ಡಿಲೇ ಪೆಡಲ್‌ಗೆ ಡ್ರೈ ಮುಟ್ಟಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡ್ರೈ ಸದಾ ಬೈಪಾಸ್‌ನಷ್ಟೇ ಇರಲಿ, ಪಾಟ್ ಎಕೋವನ್ನು ಮಾತ್ರ ಏರಿಸಲಿ. ಬಾಸ್ ಕಂಪನಿಯ ಡಿಡಿ-3 ಡಿಲೇ ಪೆಡಲ್‌ನಲ್ಲಿ ‘ಇ. ಲೆವೆಲ್’ ಅನ್ನುವ ನಾಬ್ ಮಾಡುವುದೂ ವೆಟ್‌ನ ಮಟ್ಟ ಹೊಂದಿಸುವ ಕೆಲಸವೇ. ನಿಮ್ಮಲ್ಲಿರುವ ಬಿ10ಕೆ ಸಾಕು. ವೆಟ್ ಬಫರ್‌ನ ಔಟ್‌ಪುಟ್‌ನಿಂದ 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ (ಪ್ಲಸ್ ತುದಿ ಐಸಿ ಕಡೆಗೆ), ಅಲ್ಲಿಂದ ಪಾಟ್‌ನ 3ನೇ ಕಾಲು. 1ನೇ ಕಾಲು ಗ್ರೌಂಡ್. ನಡುಗಾಲಿನಿಂದ 220 ನ್ಯಾನೋ ಫಿಲ್ಮ್ ಕೆಪಾಸಿಟರ್, ಆಮೇಲೆ ವೆಟ್‌ನ 100ಕೆ. ಡ್ರೈ ಬಫರ್‌ನಿಂದಲೂ 220 ನ್ಯಾನೋ ದಾಟಿ ಡ್ರೈನ 100ಕೆಗೆ.

ಈ 220 ನ್ಯಾನೋಗಳನ್ನು ಉಳಿತಾಯ ಮಾಡಲು ಹೋಗಬೇಡಿ. ಪಾಟ್ ಗ್ರೌಂಡ್ ಮಟ್ಟದಲ್ಲಿದೆ, ಐಸಿ 4.5ರಲ್ಲಿದೆ. ಕೆಪಾಸಿಟರ್ ಇಲ್ಲದೆ ಎರಡೂ 100ಕೆಗಳನ್ನು ಗ್ರೌಂಡ್ ಮಟ್ಟದ ಪಾಟ್‌ಗಳಿಂದ ನೇರ ಎಳೆದರೆ ಡಿಸಿಗೆ ಗೇನ್ 3 ಆಗುತ್ತದೆ, ಔಟ್‌ಪುಟ್ 13.5 ವೋಲ್ಟ್‌ಗೆ ಏರಲು ಹೋಗಿ 9 ವೋಲ್ಟ್ ಸಪ್ಲೈಗೆ ತಾಗಿಕೊಂಡು ನಿಲ್ಲುತ್ತದೆ. ಗಿಟಾರ್ ಕೇಳಿಸುವುದೇ ಇಲ್ಲ. ಪಿನ್ 7ರಲ್ಲಿ 4.5 ಆಸುಪಾಸು ಇಲ್ಲದೆ 8 ವೋಲ್ಟ್ ಹತ್ತಿರ ಕಂಡರೆ ಮೊದಲು ಇಲ್ಲೇ ಹುಡುಕಿ.

ಎಕೋ ಡ್ರೈಗಿಂತ ಜೋರಾಗಬೇಕೆಂದರೆ ವೆಟ್‌ನ 100ಕೆ ಜಾಗಕ್ಕೆ 68ಕೆ ಹಾಕಿ, 3.3 ಡಿಬಿ ಹೆಚ್ಚು ಸಿಗುತ್ತದೆ.

ಡ್ರೈ ಪೂರ್ತಿ ಇಳಿಯುವ ಮಿಕ್ಸ್ ನಾಬೇ ಬೇಕು ಅನ್ನುವವರಿಗೆ ಡ್ಯುಯಲ್ ಪಾಟ್. ಬಿ10ಕೆ, ಆರು ಕಾಲಿನದು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ‘ಸ್ಟೀರಿಯೊ ಪಾಟ್’ ಎಂದು ಕೇಳಿ. ಒಂದು ಸಾಲಿನಲ್ಲಿ ಡ್ರೈ 1ನೇ ಕಾಲಿಗೆ, ಗ್ರೌಂಡ್ 3ಕ್ಕೆ. ಇನ್ನೊಂದರಲ್ಲಿ ವೆಟ್ 3ಕ್ಕೆ, ಗ್ರೌಂಡ್ 1ಕ್ಕೆ. ಡ್ರೈ ಕಡೆಗೂ 10 ಮೈಕ್ರೋಫ್ಯಾರಡ್ ಬೇಕು. ಇಷ್ಟೇ ಮಾಡಿದರೆ ಮಧ್ಯದಲ್ಲಿ ಮತ್ತೆ 6 ಡಿಬಿ ಹಳ್ಳ. ಹಳ್ಳ ತುಂಬಲು ಪ್ರತಿ ಸಾಲಿನಲ್ಲೂ ನಡುಗಾಲಿನಿಂದ ಸಿಗ್ನಲ್ ಬರುವ ಕಾಲಿಗೆ 3.3ಕೆ ರೆಸಿಸ್ಟರ್ ಬೆಸೆಯಿರಿ. ಮಧ್ಯದಲ್ಲಿ ಮೇಲಿನ 5ಕೆ ಜೊತೆ 3.3ಕೆ ಸೇರಿ ಸುಮಾರು 2ಕೆ, ಕೆಳಗಿನ 5ಕೆ ಜೊತೆ 100ಕೆ ಹೊರೆ ಸೇರಿ 4.76ಕೆ; ಪಾಲು 0.705. ಅಂದರೆ 3 ಡಿಬಿ ಮಾತ್ರ ಇಳಿತ. ಡ್ರೈ ಮತ್ತು ಎಕೋ ಬೇರೆ ಬೇರೆ ಹೊತ್ತಿನ ಸದ್ದುಗಳಾದ್ದರಿಂದ ಎರಡೂ 3 ಡಿಬಿ ಇಳಿದು ಸೇರಿದಾಗ ಕಿವಿಗೆ ಒಟ್ಟು ಮಟ್ಟ ಒಂದೇ ಅನ್ನಿಸುತ್ತದೆ.

ದಪ್ಪತಂತಿ:

ಫೇಸ್ ಬಗ್ಗೆ ಮೊದಲ ಕೇಳಿದ್ರಲ್ರೀ, ಅದನ್ನ ಯಾರೂ ಪೂರ್ತಿ ಹೇಳಲಿಲ್ಲ, ಅದಕ್ಕ ಬರೀತೀನಿ. 300 ಮಿಲಿಸೆಕೆಂಡ್ ಎಕೋಕ್ಕ ಫೇಸ್ ಉಲ್ಟಾ ಇದ್ರೂ ಕಿವಿಗೆ ಗೊತ್ತಾಗೂದಿಲ್ಲ. ಆದ್ರ ಇದ ಮಿಕ್ಸರ್ ಬೋರ್ಡ್ ಓವರ್‌ಡ್ರೈವ್‌ಗೆ ಕ್ಲೀನ್ ಬ್ಲೆಂಡ್ ಮಾಡಾಕ (ಒಡದ ಸದ್ದಿನ ಜೋಡಿ ಮೂಲ ಸದ್ದು ಬೆರಸಾಕ) ಹಾಕಿದ್ರ ಗೊತ್ತಾಗತೈತಿ, ಬಾಸ್ ಗಿಟಾರ್‌ನ್ಯಾಗಂತೂ ಭಾಳ. ಗುರುತು ಇಷ್ಟ: ಎರಡೂ ತುದಿಯೊಳಗ ಸದ್ದು ತುಂಬಿರತೈತಿ, ಮಧ್ಯಕ್ಕ ತಂದ ಕೂಡ್ಲೆ ಕೆಳಗಿನ ತಂತಿ ಪೊಳ್ಳಾಗತೈತಿ. ಹಂಗಾತಂದ್ರ ಒಂದ ದಾರಿಯೊಳಗ ಇನ್ವರ್ಟಿಂಗ್ ಹಂತ ಬೆಸ ಸಂಖ್ಯೆ ಅದಾವ ಅಂತ ತಿಳೀರಿ. ಬಿಗ್ ಮಫ್ ಫಜ್ ಪೆಡಲ್‌ನ್ಯಾಗ ನಾಲ್ಕು ಟ್ರಾನ್ಸಿಸ್ಟರ್ ಹಂತ, ನಾಲ್ಕೂ ಇನ್ವರ್ಟ್ ಮಾಡ್ತಾವ, ಹಿಂಗಾಗಿ ಕಡೀಕ ಫೇಸ್ ಸೀದಾನ ಬರತೈತಿ. ಒಂದ ಇಲ್ಲಾ ಮೂರು ಹಂತ ಇದ್ರ ಡ್ರೈ ದಾರಿಗೆ ಗೇನ್ 1ರ ಇನ್ವರ್ಟರ್ ಒಂದು ಸೇರಸ್ರಿ: ಇನ್‌ಪುಟ್‌ಗೆ 100ಕೆ, ಫೀಡ್‌ಬ್ಯಾಕ್‌ಗೆ 100ಕೆ.

ಟ್ಯೂಬ್ ಸ್ಕ್ರೀಮರ್ ತರದ ಓವರ್‌ಡ್ರೈವ್ ಸರ್ಕ್ಯೂಟ್‌ಗೆ ಬ್ಲೆಂಡ್ ಹಾಕೋ ಮುಂದ ಒಂದು ನೆನಪಿಡ್ರಿ. ಅದರ ಕ್ಲಿಪ್ಪಿಂಗ್ ಹಂತ ನಾನ್-ಇನ್ವರ್ಟಿಂಗ್, ಗೇನ್ 1ಕ್ಕಿಂತ ಕೆಳಗ ಇಳಿಯೂದಿಲ್ಲ, ಅಂದ್ರ ಕ್ಲೀನ್ ಸಿಗ್ನಲ್ ಒಳಗ ಮೊದಲ ಬೆರ್ತಿರತೈತಿ. 4.7ಕೆ ಮತ್ತ 47 ನ್ಯಾನೋ ಸೇರಿ 720 ಹರ್ಟ್ಸ್ ಕೆಳಗ ಗೇನ್ ಕಡಿಮಿ ಮಾಡ್ತಾವ. ಬಾಸ್ ಗಿಟಾರ್‌ಗೆ ಕ್ಲೀನ್ ಬೇಕನಸೂದು ಅದಕ್ಕ.

ಫಜ್ ಫೇಸ್ ಪೆಡಲ್‌ಗೆ ಮಾತ್ರ ಮುಂದ ಬಫರ್ ಹಾಕಬ್ಯಾಡ್ರಿ. ಅದು ಗಿಟಾರ್ ಪಿಕಪ್‌ನ ಇಂಪೀಡೆನ್ಸ್ ನೋಡಿ ಕೆಲಸ ಮಾಡತೈತಿ. ಬಫರ್ ಬಂತಂದ್ರ ಸದ್ದು ಒರಟಾಗಿ, ಗಿಟಾರ್ ವಾಲ್ಯೂಮ್ ಇಳಿಸಿದ್ರ ಕ್ಲೀನ್ ಆಗೋ ಗುಣ ಹೋಗತೈತಿ. ಗಿಟಾರ್ ನೇರ ಫಜ್‌ಗೆ ಹೋಗ್ಲಿ, ಅದ ಜಾಗದಿಂದ 1 ಮೆಗ್ ಇನ್‌ಪುಟ್‌ನ ಬಫರ್ ಡ್ರೈನ ಎತ್ಕೊಳ್ಳಿ. ಫಜ್‌ನ ಹೊರೆಯಿಂದ ಡ್ರೈ ಒಂದೀಟು ಮಂಕಾಗತೈತಿ, ಅದನ್ನ ಒಪ್ಕೋಬೇಕು.

ಸೊನ್ನೆಡಿಬಿ:

ದಪ್ಪತಂತಿ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡಿಜಿಟಲ್ ಪೆಡಲ್ ಸುತ್ತ ಇಂಥ ಅನಲಾಗ್ ಬ್ಲೆಂಡ್ ಕಟ್ಟಿದಾಗ, ಅಥವಾ ಆಂಪ್‌ನ ಪ್ಯಾರಲಲ್ ಎಫೆಕ್ಟ್ಸ್ ಲೂಪ್‌ಗೆ (ಆಂಪ್ ಒಳಗಿನ ಡ್ರೈ ಜೊತೆ ಪೆಡಲ್ ಸದ್ದು ಬೆರೆಸುವ ಜೋಡಣೆ) ಹಾಕಿದಾಗ, ಫೇಸ್ ತಿರುಗಿಸಿದರೂ ಪೊಳ್ಳುತನ ಹೋಗದೇ ಇರಬಹುದು. ಕೆಲವು ಪೆಡಲ್‌ಗಳ ಒಳಗಿನ ಡ್ರೈ ಕೂಡ ಡಿಜಿಟಲ್ ಪರಿವರ್ತನೆಯಲ್ಲಿ ತಡವಾಗಿ ಹೊರಬರುತ್ತದೆ. ತಡ 1.5 ಮಿಲಿಸೆಕೆಂಡ್ ಅಂದುಕೊಳ್ಳಿ: ಅದು ಹೊರಗಿನ ಡ್ರೈ ಜೊತೆ ಸೇರಿದಾಗ 333, 1000, 1667 ಹರ್ಟ್ಸ್, ಹೀಗೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಸದ್ದು ರದ್ದಾಗುತ್ತದೆ. ಫೇಸ್ ತಿರುಗಿಸಿದರೆ ಹಲ್ಲುಗಳು ಜಾಗ ಬದಲಿಸುತ್ತವೆ, ಅಷ್ಟೇ. ಪೆಡಲ್‌ನಲ್ಲಿ ಡ್ರೈ ಬಂದ್ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನು ಹಾಕಿ ನೂರಕ್ಕೆ ನೂರು ವೆಟ್ ಮಾತ್ರ ಹೊರಬರುವಂತೆ ಮಾಡಿ. ಆ ಸೌಲಭ್ಯ ಇಲ್ಲದ ಪೆಡಲ್ ಪ್ಯಾರಲಲ್ ಲೂಪ್‌ಗೆ ಬೇಡ.

ಕೋರಸ್ ಎಫೆಕ್ಟ್‌ನಲ್ಲಿ ಇದೇ ಬಾಚಣಿಗೆ ನಮಗೆ ಬೇಕಾದದ್ದು. ಡ್ರೈ ಮತ್ತು ವೆಟ್ ಸಮ ಇದ್ದಾಗ ಹಳ್ಳಗಳು ಅತ್ಯಂತ ಆಳ. ವೆಟ್ ಅರ್ಧಕ್ಕೆ ಇಳಿಸಿದರೆ ಏರು +3.5, ತಗ್ಗು -6 ಡಿಬಿಗೆ ನಿಂತು ಮೆದುವಾಗುತ್ತದೆ. ಡ್ರೈ ಪೂರ್ತಿ ತೆಗೆದರೆ ಕೋರಸ್ ಹೋಗಿ ವೈಬ್ರಾಟೊ. 1975ರ ರೋಲ್ಯಾಂಡ್ ಜೆಸಿ-120 ಆಂಪ್‌ನ ಕೋರಸ್‌ನಲ್ಲಿ ಒಂದು ಸ್ಪೀಕರ್‌ಗೆ ಡ್ರೈ, ಇನ್ನೊಂದಕ್ಕೆ ವೆಟ್ ಹೋಗುತ್ತದೆ. ಬೆರೆಯುವುದು ಗಾಳಿಯಲ್ಲಿ. ಅದರ ಎದುರು ಎಡಕ್ಕೂ ಬಲಕ್ಕೂ ಎರಡು ಹೆಜ್ಜೆ ಸರಿದು ನಿಂತು ಕೇಳಿ, ಮಿಕ್ಸ್ ಅಂದರೆ ಏನು ಅಂತ ಕಿವಿಗೇ ಸಿಗುತ್ತದೆ.

ಆರನೇತಂತಿ:

ಡ್ರೈ ಸ್ಥಿರ, ವೆಟ್‌ಗೆ ಮಾತ್ರ ಪಾಟ್, ಹಾಗೇ ಮಾಡಿದೆ. ಪಿನ್ 7ರಲ್ಲಿ 4.5 ವೋಲ್ಟ್. ಆನ್ ಮತ್ತು ಬೈಪಾಸ್ ಮಟ್ಟ ಒಂದೇ ಎಂದು ಮೀಟರ್‌ನಿಂದ ಖಾತ್ರಿ ಮಾಡಲು ಫೋನ್‌ನಿಂದ 220 ಹರ್ಟ್ಸ್ ಸೈನ್ ಕೊಟ್ಟರೆ ಎಸಿ ರೀಡಿಂಗ್ ನಿಲ್ಲುತ್ತಿಲ್ಲ. ಡಿಲೇ ಪಾಟ್ ಒಂಚೂರು ಅಲುಗಿಸಿದರೆ ಸಂಖ್ಯೆ ಮೇಲೆ ಕೆಳಗೆ ಓಡುತ್ತದೆ. ಇನ್ನೊಂದು: ಆಂಪ್ ಕ್ಲೀನ್ ಇದ್ದಾಗ ಎಕೋ ಸರಿಯಾಗಿದೆ, ಗೇನ್ ಏರಿಸಿದರೆ ಎಕೋ ವಿಪರೀತ ಜೋರು.

ಬೆಸುಗೆಕಡ್ಡಿ:

ಮೀಟರ್ ಸುಳ್ಳು ಹೇಳುತ್ತಿಲ್ಲ. ನಿಲ್ಲದೆ ಬರುವ ಸೈನ್‌ನಲ್ಲಿ ಎಕೋ ಕೂಡ ಅದೇ ಸೈನ್, ಡಿಲೇ ಸಮಯಕ್ಕೆ ತಕ್ಕಂತೆ ಡ್ರೈಗೆ ಕೂಡುತ್ತದೆ ಇಲ್ಲವೇ ಕಳೆಯುತ್ತದೆ. ಒಂದೊಂದನ್ನೇ ಅಳೆಯಿರಿ. ವೆಟ್ ಪಾಟ್ ಸೊನ್ನೆಗೆ ಇಳಿಸಿ ಡ್ರೈ ನೋಡಿ: ಇನ್‌ಪುಟ್‌ಗೆ 200 ಮಿಲಿವೋಲ್ಟ್ ಕೊಟ್ಟರೆ ಔಟ್‌ಪುಟ್ 195ರಿಂದ 205ರೊಳಗೆ ಬರಬೇಕು, ಮಾಮೂಲಿ 5 ಪರ್ಸೆಂಟ್ ರೆಸಿಸ್ಟರ್ ಹಾಕಿದ್ದರೆ ಇನ್ನೂ ಸ್ವಲ್ಪ ಆಚೀಚೆ. ಆಮೇಲೆ ಡ್ರೈನ 100ಕೆಯ ಒಂದು ಕಾಲು ಎತ್ತಿ, ರಿಪೀಟ್ಸ್ ಸೊನ್ನೆ ಮಾಡಿ, ವೆಟ್ ಪೂರ್ತಿ ಏರಿಸಿ ಅಳೆಯಿರಿ. ಎರಡನೇ ಸಂಖ್ಯೆ ತೀರಾ ಕಡಿಮೆ ಇದ್ದರೆ ವೆಟ್‌ನ 100ಕೆ ಜಾಗಕ್ಕೆ 47ಕೆ ಮತ್ತು 100ಕೆ ಪ್ರಿಸೆಟ್ (ಬೋರ್ಡ್ ಮೇಲೆ ಕೂರುವ ಚಿಕ್ಕ ಪಾಟ್) ಸಾಲಾಗಿ ಹಾಕಿ, ಎರಡೂ ಸಮ ಆಗುವವರೆಗೆ ಪ್ರಿಸೆಟ್ ತಿರುಗಿಸಿ ಬಿಡಿ. ಆಗ ನಾಬ್‌ನ ಪೂರ್ತಿ ತುದಿ ಅಂದರೆ ಸರಿಸಮ ಎಂದು ಲೆಕ್ಕ ಸಿಗುತ್ತದೆ.

ಗೇನ್‌ನಲ್ಲಿ ಎಕೋ ಜೋರಾಗುವುದು ಪೆಡಲ್ ತಪ್ಪಲ್ಲ. ಡಿಸ್ಟಾರ್ಷನ್‌ಗೆ ಬಂದ ಆಂಪ್ ಜೋರು ಸದ್ದನ್ನು ಒತ್ತಿಹಿಡಿಯುತ್ತದೆ, ಸಣ್ಣ ಸದ್ದನ್ನು ಎತ್ತುತ್ತದೆ. ಉದಾಹರಣೆಗೆ ನೀವು 12 ಡಿಬಿ ಕೆಳಗಿಟ್ಟ ಎಕೋ, ಡ್ರೈ ಸ್ವರ ಸುಮ್ಮನಾದ ಕೂಡಲೇ ಅದೇ ಪ್ರೀಆಂಪ್‌ನಲ್ಲಿ ಕ್ಲಿಪ್ ಆಗಿ ಹೆಚ್ಚುಕಡಿಮೆ ಡ್ರೈನಷ್ಟೇ ಎತ್ತರಕ್ಕೆ ಬರುತ್ತದೆ. ಆಂಪ್‌ನಲ್ಲಿ ಎಫೆಕ್ಟ್ಸ್ ಲೂಪ್ ಇದ್ದರೆ ಪೆಡಲ್ ಅಲ್ಲಿಗೆ ಹಾಕಿ. ಆದರೆ ಕೆಲವು ಲೂಪ್‌ಗಳು ಲೈನ್ ಮಟ್ಟದ ಸಿಗ್ನಲ್ ಕಳಿಸುತ್ತವೆ, 5 ವೋಲ್ಟ್‌ನಲ್ಲಿ ನಡೆಯುವ ಪಿಟಿ2399ಕ್ಕೆ ಅದು ಹೆಚ್ಚು. ಡ್ರೈ ಶುದ್ಧವಾಗಿದ್ದು ಎಕೋ ಮಾತ್ರ ಒಡೆದು ಕೇಳಿಸಿದರೆ ಲೂಪ್‌ನ ಸೆಂಡ್ ಮಟ್ಟ ಇಳಿಸಿ. ಲೂಪ್ ಇಲ್ಲದಿದ್ದರೆ ಗೇನ್ ಏರಿಸಿದಾಗೆಲ್ಲ ವೆಟ್ ನಾಬ್ ಇಳಿಸುವುದೊಂದೇ ದಾರಿ. ಆಗ ರಿಪೀಟ್ಸ್ ಕೂಡ ಒಂದೆರಡಕ್ಕೆ ಇಳಿಸಿ, ಕೊನೆಕೊನೆಯ ಎಕೋಗಳನ್ನೂ ಆಂಪ್ ಅಷ್ಟೇ ಎತ್ತಿ ತೋರಿಸುತ್ತದೆ.